ಹರ್ಡ್, ಫ್ಲಾಕ್, ಪ್ಯಾಕ್: ಪಟ್ಟಿ ಉರು ಹೊಡೆಯಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಇಂಗ್ಲಿಷಿನ ಗುಂಪುಸೂಚಕ ಪದಗಳಲ್ಲಿ ಹರ್ಡ್, ಫ್ಲಾಕ್, ಪ್ಯಾಕ್ ಮೂರೂ ನಮಗೆ ಹಿಂಡೇ, ಬಂಚ್ ಮತ್ತು ಬಂಡಲ್ ಕೂಡ ಒಂದೇ ಥರ ಕಾಣುತ್ತವೆ, ಪರೀಕ್ಷೆಗೆ ಪಟ್ಟಿ ಬಾಯಿಪಾಠ ಮಾಡಿದರೂ ಬರೆಯಲು ಕೂತಾಗ ಯಾವುದನ್ನು ಹಾಕಬೇಕು ಅಂತ ತೋಚುವುದಿಲ್ಲ. ಅಲ್ವಾ?

ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡಿ. ನನ್ನದು ಇಂಗ್ಲಿಷ್ ಬರಹ ತಿದ್ದುವ ಕೆಲಸ. ಅನುಮಾನ ಬಂದಾಗ ನಾನು ಕೇಳಿಕೊಳ್ಳುವುದು ಒಂದೇ: ಇವೆಲ್ಲ ಯಾಕೆ ಒಟ್ಟಿಗಿವೆ? ಮೇಯಲು ಸೇರಿವೆಯಾ, ಬೇಟೆಗಾ, ಯಾರಾದರೂ ಹಗ್ಗ ಹಾಕಿ ಕಟ್ಟಿದ್ದಾರಾ, ಇಲ್ಲ ಒಂದೇ ತೊಟ್ಟಿನಲ್ಲಿ ಬೆಳೆದಿವೆಯಾ? ಅರ್ಧಕ್ಕಿಂತ ಜಾಸ್ತಿ ಗೊಂದಲ ಅಲ್ಲೇ ಹೋಗುತ್ತದೆ.

ನಾಗರಹೊಳೆ, ಕಬಿನಿ ಕಡೆ ಸಫಾರಿ ಹೋಗಿ ಬಂದವರು ಬರೆಯುವಾಗ 'ಪ್ಯಾಕ್ ಆಫ್ ಎಲಿಫೆಂಟ್ಸ್' ಅಂದುಬಿಡುತ್ತಾರೆ. ಆನೆ, ಕಾಟಿ, ಜಿಂಕೆ ಗುಂಪಾಗಿ ಮೇಯುವ ದೊಡ್ಡ ಪ್ರಾಣಿಗಳು, ಅವಕ್ಕೆ ಹರ್ಡ್. ಅದೇ ಕಾಡಿನ ಸೀಳುನಾಯಿಗಳು ಸೇರಿ ಬೇಟೆಯಾಡುತ್ತವೆ, ಹಾಗಾಗಿ ಪ್ಯಾಕ್. ತೋಳಕ್ಕೂ ಅದೇ. ಹಕ್ಕಿಗಳಿಗೆ ಫ್ಲಾಕ್. ಕುರಿ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಮೇಯುವ ಪ್ರಾಣಿಯಾದರೂ ಅದು ಫ್ಲಾಕ್. ಮೇಕೆಗೆ ಎರಡೂ ನಡೆಯುತ್ತದೆ. ಸಿಂಹಕ್ಕೆ ಪ್ರೈಡ್, ಅದನ್ನು ನೆನಪಿಟ್ಟುಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ.

ಜೇನಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಪೆಟ್ಟಿಗೆಯಲ್ಲೋ ಮರದ ಪೊಟರೆಯಲ್ಲೋ ಸಂಸಾರ ಹೂಡಿರುವ ಜೇನು ಕಾಲನಿ. ಹಳೇ ರಾಣಿಯ ಜೊತೆ ದೊಡ್ಡ ಪಾಲು ನೊಣಗಳು ಗೂಡು ಬಿಟ್ಟು ಹೊರಟು, ಹೊಸ ಜಾಗ ಸಿಗುವವರೆಗೆ ಯಾವುದೋ ಕೊಂಬೆಗೆ ಮುತ್ತಿಕೊಂಡಿರುತ್ತವಲ್ಲ, ಅದು ಸ್ವಾರ್ಮ್. ಅಂದರೆ ಅದೇ ನೊಣಗಳು, ಮನೆಯಲ್ಲಿದ್ದಾಗ ಒಂದು ಹೆಸರು, ದಾರಿಯಲ್ಲಿದ್ದಾಗ ಇನ್ನೊಂದು. 2020ರಲ್ಲಿ ರಾಜಸ್ಥಾನದ ಕಡೆ ಹೊಲಗಳ ಮೇಲೆ ಬಂದ ಮಿಡತೆಗಳನ್ನೂ ಪತ್ರಿಕೆಗಳು ಸ್ವಾರ್ಮ್ ಅಂತಲೇ ಬರೆದವು. ಮೀನಿನಲ್ಲೂ ಇಂಥದ್ದೊಂದು ಇದೆ: ಸುಮ್ನೆ ಗುಂಪಾಗಿದ್ದರೆ ಶೋಲ್, ಎಲ್ಲವೂ ಒಂದೇ ದಿಕ್ಕಿಗೆ ಒಟ್ಟಾಗಿ ತಿರುಗಿ ಈಜುತ್ತಿದ್ದರೆ ಸ್ಕೂಲ್. ಜೀವವಿಜ್ಞಾನದವರು ಇದನ್ನು ಗಟ್ಟಿಯಾಗಿ ಪಾಲಿಸುತ್ತಾರೆ, ಉಳಿದವರು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ.

ಇನ್ನು ಬಂಚ್, ಬಂಡಲ್. ಒಂದು ತುದಿಯಲ್ಲಿ ಕೂಡಿಕೊಂಡಿದ್ದರೆ ಬಂಚ್: ಬೀಗದ ಕೈ, ದ್ರಾಕ್ಷಿ, ಕೈಯಲ್ಲಿ ಹಿಡಿದ ಹೂವು. ಕಟ್ಟಿದ್ದರೆ ಅಥವಾ ಸುತ್ತಿದ್ದರೆ ಬಂಡಲ್: ಸೌದೆ, ಹಳೇ ಬಟ್ಟೆ, ನೋಟು. ಕಟ್ಟಿಲ್ಲ, ತೊಟ್ಟೂ ಇಲ್ಲ, ಆದರೆ ಒತ್ತೊತ್ತಾಗಿವೆ ಅಂದರೆ ಕ್ಲಸ್ಟರ್. ಕೃತ್ತಿಕೆ ನಕ್ಷತ್ರ ಹಾಗೆ. ನಮ್ಮ ಸರ್ಕಾರಿ ಶಾಲೆಗಳ ಕ್ಲಸ್ಟರ್ ಕೂಡ ಹಾಗೇ, ಅಕ್ಕಪಕ್ಕದ ಊರಿನ ಶಾಲೆಗಳನ್ನು ಸೇರಿಸಿ ಮಾಡಿದ್ದು.

ಬಾಳೆಯಲ್ಲಿ ಒಂದು ತಮಾಷೆ ಇದೆ. ಅಂಗಡಿ ಇಂಗ್ಲಿಷಿನಲ್ಲಿ 'ಬಂಚ್ ಆಫ್ ಬನಾನಾಸ್' ಅಂದರೆ ಕೈಯಲ್ಲಿ ಎತ್ತಿಕೊಂಡು ಬರುವಷ್ಟು ಹಣ್ಣು. ಕೃಷಿಯವರ ಇಂಗ್ಲಿಷಿನಲ್ಲಿ ಬಂಚ್ ಅಂದರೆ ಇಡೀ ಗೊನೆ, ಒಂದು ಚಿಪ್ಪು ಹ್ಯಾಂಡ್, ಒಂದೊಂದು ಕಾಯಿ ಫಿಂಗರ್. ಬಾಳೆ ವ್ಯಾಪಾರದ ಪತ್ರ ಬರೆಯುವವರು ಇದನ್ನು ತಿಳಿದಿರಲೇಬೇಕು, ಇಲ್ಲದಿದ್ದರೆ ಹತ್ತು ಬಂಚ್ ಕಳಿಸಿ ಅಂದವರ ಮನೆ ಮುಂದೆ ಹತ್ತು ಗೊನೆ ಬಂದು ಇಳಿಯುತ್ತವೆ.

ನನ್ನ ಪ್ರಕಾರ ನಿಜವಾಗಿ ಜಾಗ್ರತೆ ಬೇಕಾದದ್ದು ಮನುಷ್ಯರ ಗುಂಪಿಗೆ. ಜಿಂಕೆಗೆ ಫ್ಲಾಕ್ ಅಂದರೆ ಒಂದು ಅಂಕ ಹೋಗಬಹುದು. ಜನರ ಗುಂಪಿಗೆ ತಪ್ಪು ಪದ ಹಾಕಿದರೆ ಅವರ ಮೇಲೆ ಆರೋಪ ಹೊರಿಸಿದ ಹಾಗೆ. ಕ್ರೌಡ್ ಅಂದರೆ ಬರೀ ಜನ ಸೇರಿದ್ದಾರೆ, ಜಾತ್ರೆಯಲ್ಲೂ ಸೇರುತ್ತಾರೆ, ಬಸ್ ಸ್ಟ್ಯಾಂಡಿನಲ್ಲೂ ಸೇರುತ್ತಾರೆ. ಮಾಬ್ ಅಂದ ಕೂಡಲೇ ಕಲ್ಲು, ಬೆಂಕಿ, ಹೊಡೆದಾಟ ಕಣ್ಣಿಗೆ ಬರುತ್ತದೆ. ಪ್ರತಿಭಟನೆಗೆ ಬಂದು ಸುಮ್ಮನೆ ಕೂತವರನ್ನು ಮಾಬ್ ಅಂತ ಬರೆದರೆ ನಾನಂತೂ ಆ ಪದವನ್ನು ಹೊಡೆದುಹಾಕುತ್ತೇನೆ. (ಆಸ್ಟ್ರೇಲಿಯಾದಲ್ಲಿ ಕಾಂಗರೂ ಹಿಂಡಿಗೂ ಮಾಬ್ ಅನ್ನುತ್ತಾರೆ, ಅಲ್ಲಿ ಬೈಗುಳವೇನೂ ಇಲ್ಲ.) ಗ್ಯಾಂಗ್ ಕೂಡ ಇಂಥದ್ದೇ. ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗಳ ಗ್ಯಾಂಗ್ ಕೆಲಸಗಾರರ ತಂಡ, ಪೊಲೀಸ್ ಸುದ್ದಿಯ ಗ್ಯಾಂಗ್ ಬೇರೆಯೇ.

ಕಾಗೆ ಹಿಂಡಿಗೆ 'ಮರ್ಡರ್ ಆಫ್ ಕ್ರೋಸ್' ಅನ್ನುವ ಥರದ್ದನ್ನೂ ಕಲಿಯಬೇಕಾ ಅಂತ ಕೇಳಿದ್ದೀರಿ. ಪರೀಕ್ಷೆಯ ಪಟ್ಟಿಯಲ್ಲಿದ್ದರೆ ಓದಿಕೊಳ್ಳಿ, ಬರವಣಿಗೆಗೆ ಬೇಡ. ಇಂಥ ಪದಗಳ ಹೆಸರಾಂತ ಪಟ್ಟಿಯೊಂದು 1486ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದ ಬೇಟೆ ಪುಸ್ತಕದಲ್ಲಿದೆ. ದೊಡ್ಡ ಮನೆತನದವರು ಬೇಟೆಯ ಮಾತು ಬಲ್ಲವರೆಂದು ತೋರಿಸಿಕೊಳ್ಳಲು ಕಲಿಯುತ್ತಿದ್ದ ಪದಗಳು, ಕೆಲವಂತೂ ಬರೀ ತಮಾಷೆಗೆ ಹುಟ್ಟಿದವು. ಇಂಗ್ಲಿಷಿನವರೂ ಮಾತಿನಲ್ಲಿ 'ಫ್ಲಾಕ್ ಆಫ್ ಕ್ರೋಸ್' ಅಂದು ಮುಂದೆ ಹೋಗುತ್ತಾರೆ.

ನೀವು ಕೇಳದಿದ್ದರೂ ಒಂದು ಮಾತು, ಯಾಕೆಂದರೆ ಪದ ಸರಿ ಹಾಕಿದವರೂ ಕ್ರಿಯಾಪದದಲ್ಲಿ ಜಾರುತ್ತಾರೆ. ಟೀಮ್, ಕಮಿಟಿ ಇಂಥವಕ್ಕೆ ಅಮೆರಿಕದವರು ಸಾಮಾನ್ಯವಾಗಿ 'ಈಸ್' ಹಾಕುತ್ತಾರೆ. ಬ್ರಿಟಿಷರಲ್ಲಿ 'ಆರ್' ಕೂಡ ನಡೆಯುತ್ತದೆ, ಕ್ರಿಕೆಟ್ ಕಾಮೆಂಟರಿಯಲ್ಲಿ 'ಇಂಡಿಯಾ ಆರ್' ಅಂತ ಕೇಳಿರುತ್ತೀರಿ. ಎರಡೂ ಸರಿ, ಒಂದೇ ಬರಹದಲ್ಲಿ ಬೆರೆಸಬೇಡಿ. ಪೊಲೀಸ್‌ಗೆ ಮಾತ್ರ ಎರಡೂ ಕಡೆ 'ಆರ್' ಒಂದೇ. ಒಂದು ಕಚೇರಿಯ ನೌಕರರಿಗೆಲ್ಲ ಸೇರಿ ಸ್ಟಾಫ್ ಸಾಕು, ಸ್ಟಾಫ್ಸ್ ಬೇಡ.