ಅಟ್ಟದ ಮೇಲಿನ ಕಾವಲಿಯನ್ನು ಗುಜರಿಗೆ ಹಾಕಬೇಡಿ

ತಂಗಿ, ನಿಮ್ಮ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಕೊಪ್ಪದ ಅಜ್ಜಿಮನೆ ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದು ಅಂತ ಬರೆದಿದ್ದೀರಿ. ತುಕ್ಕು ಹಿಡಿದ ಎರಡು ಬೀಡಿನ (ಎರಕದ ಕಬ್ಬಿಣದ) ಕಾವಲಿ, ಒಳಗೆಲ್ಲ ಹಸಿರುಗಟ್ಟಿದ ಹಿತ್ತಾಳೆ ಪಾತ್ರೆ, ಒಂದು ಕಲ್ಲು ಮರಿಗೆ (ಕಲ್ಲಿನ ಪಾತ್ರೆ), ಒಂದು ಮೆಟ್ಟುಕತ್ತಿ (ಈಳಿಗೆ ಮಣೆ). ಗುಜರಿಯವನು ಎಲ್ಲವನ್ನೂ ತೂಕಕ್ಕೆ ಹಾಕಿ ಒಯ್ಯುತ್ತೇನೆ ಅಂದಿದ್ದಾನೆ. ಇತ್ತ ಬೆಂಗಳೂರಿನ ಮನೆಯಲ್ಲಿ ಐದು ವರ್ಷದಲ್ಲಿ ಮೂರನೇ ನಾನ್‌ಸ್ಟಿಕ್ ತವಾ ಸಿಪ್ಪೆ ಏಳುತ್ತಿದೆ. ಹಳೆಯದನ್ನು ಇಟ್ಟುಕೊಳ್ಳಬಹುದಾ, ತುಕ್ಕು ವಿಷವಾ, ಇದು ನಿಮ್ಮ ಪ್ರಶ್ನೆ.

ಇಟ್ಟುಕೊಳ್ಳಿ. ಗುಜರಿಯವನಿಗೆ ಸದ್ಯ ಬೇಡ ಅಂತ ಫೋನ್ ಮಾಡಿ, ಆಮೇಲೆ ಉಳಿದದ್ದು ಓದಿ.

ಮೊದಲು ಒಂದು ಮಾತು. ಹಳೇ ಸಾಮಾನು ಸವೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕಾವಲಿಯ ಎಣ್ಣೆ ಪದರ ಹೋಗುತ್ತದೆ, ಹಿತ್ತಾಳೆಯ ಒಳಗಿನ ಕಲಾಯಿ, ಅಂದರೆ ತವರದ ಲೇಪ, ಹೋಗುತ್ತದೆ, ಕತ್ತಿಯ ಬಾಯಿ ಮೊಂಡಾಗುತ್ತದೆ, ರುಬ್ಬುವ ಕಲ್ಲು ನುಣುಪಾಗುತ್ತದೆ. ಆದರೆ ಸವೆದ ಜಾಗವನ್ನು ಮತ್ತೆ ಹೊಸದು ಮಾಡಬಹುದು, ಮನೆಯಲ್ಲೋ ಊರಿನಲ್ಲೋ. ನಿಮ್ಮ ತವಾದ ಕಥೆ ಹಾಗಲ್ಲ. ಅದರ ಮೇಲಿನದ್ದು ಟೆಫ್ಲಾನ್ ಲೇಪ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ರಾಯ್ ಪ್ಲಂಕೆಟ್ ಅನ್ನುವವರಿಗೆ ಆಕಸ್ಮಿಕವಾಗಿ ಸಿಕ್ಕಿದ ವಸ್ತು ಅದು. ಸುಮಾರು 260 ಡಿಗ್ರಿ ದಾಟಿದರೆ ಹಾಳಾಗಲು ಶುರು. ಖಾಲಿ ತವಾ ದೊಡ್ಡ ಉರಿಯ ಮೇಲೆ ಕೆಲವೇ ನಿಮಿಷಕ್ಕೆ ಅಷ್ಟು ಕಾಯುತ್ತದೆ, ಮತ್ತೆ ನಾವೆಲ್ಲ ದೋಸೆಗೆ ತವಾ ಕಾಯಿಸುವುದು ಖಾಲಿಯಾಗಿಯೇ ಅಲ್ವಾ? ಒಮ್ಮೆ ಲೇಪ ಎದ್ದರೆ ಮನೆಯಲ್ಲಿ ಅದನ್ನು ಸರಿ ಮಾಡುವ ದಾರಿಯೇ ಇಲ್ಲ. ಪಾತ್ರೆ ಗಟ್ಟಿಯಾಗಿಯೇ ಇರುತ್ತದೆ, ಮೇಲಿನ ಕೂದಲೆಳೆಗಿಂತ ತೆಳುವಾದ ಪದರಕ್ಕೋಸ್ಕರ ಇಡೀ ತವಾ ಎಸೆಯಬೇಕು. ಮನೆಯಲ್ಲಿ ಗಿಳಿ, ಲವ್ ಬರ್ಡ್ಸ್ ಸಾಕಿದ್ದರಂತೂ ಖಾಲಿ ನಾನ್‌ಸ್ಟಿಕ್ ಕಾಯಲು ಬಿಟ್ಟು ಆಚೆ ಹೋಗಲೇಬೇಡಿ, ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಗಳ ಜೀವ ತೆಗೆಯುತ್ತದೆ.

ಈಗ ಕಾವಲಿಗೆ ಬರೋಣ. ನಿಮ್ಮಲ್ಲಿರುವ ಅತಿ ಒಳ್ಳೆಯ ಸಾಮಾನು ಅದೇ.

ಮೊದಲು ಸೀಳು ಇದೆಯಾ ನೋಡಿ. ಕಾವಲಿಯನ್ನು ಹಿಡಿಯಿಂದ ಎತ್ತಿ ಹಿಡಿದು ಚಮಚದಿಂದ ಬಡಿಯಿರಿ. ಗಂಟೆಯ ಹಾಗೆ ಉದ್ದಕ್ಕೆ ಸದ್ದು ಎಳೆದರೆ ಗಟ್ಟಿ ಇದೆ. ‘ಡಬ್’ ಅಂತ ಅಲ್ಲೇ ಸತ್ತರೆ ಎಲ್ಲೋ ಸೀಳಿದೆ, ಅದು ಒಲೆಯ ಮೇಲೆ ಇನ್ನಷ್ಟು ಬಿಡುತ್ತದೆ, ಅದನ್ನು ಬೇಕಾದರೆ ಗುಜರಿಗೆ ಕೊಡಿ. ಬೀಡು ಕಬ್ಬಿಣದ ಗುಣವೇ ಹಾಗೆ. ಉಕ್ಕಿಗಿಂತ ಅದರಲ್ಲಿ ಇಂಗಾಲ ಜಾಸ್ತಿ, ಅದಕ್ಕೇ ಬಗ್ಗುವುದಿಲ್ಲ, ಒಡೆಯುತ್ತದೆ.

ತುಕ್ಕಿಗೆ ಹೆದರಬೇಡಿ, ಅದು ವಿಷವಲ್ಲ. ಆದರೆ ತೆಗೆಯಬೇಕು. ನಮ್ಮ ಕಡೆ ಹುಳಿ ಬಂದ ಗಂಜಿನೀರಿನಲ್ಲಿ ನೆನೆಸಿಟ್ಟು, ತೆಂಗಿನ ಜುಂಗಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದರು. ಬೆಂಗಳೂರಿನಲ್ಲಿ ಬೂದಿ ಎಲ್ಲಿಂದ ಬರಬೇಕು, ಕಲ್ಲುಪ್ಪು ಹಾಕಿ ತಿಕ್ಕಿ. ತುಕ್ಕು ದಪ್ಪ ಇದ್ದರೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಸಿ, ತಿಕ್ಕಿ, ಇನ್ನೂ ಇದ್ದರೆ ಮತ್ತೊಮ್ಮೆ. ರಾತ್ರಿಯಿಡೀ ಅದರಲ್ಲಿ ಬಿಡಬೇಡಿ, ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಕೆಳಗಿನಿಂದ ಬೂದು ಬಣ್ಣದ ಲೋಹ ಕಾಣುವವರೆಗೆ ತಿಕ್ಕಬೇಕು. ತೋಳು ನೋಯುತ್ತದೆ, ಎರಡು ದಿನ ಬಿಟ್ಟು ಬಿಟ್ಟು ಮಾಡಿ.

ತೊಳೆದ ತಕ್ಷಣ ಬಟ್ಟೆಯಲ್ಲಿ ಒರೆಸಿ ಸಣ್ಣ ಉರಿಯ ಮೇಲೆ ಇಡಿ. ಗಾಳಿಗೆ ಒಣಗಲಿ ಅಂತ ಬಿಟ್ಟರೆ ಅರ್ಧ ಗಂಟೆಯಲ್ಲಿ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ನೀರಿನ ಪಸೆ ಪೂರ್ತಿ ಹೋದಮೇಲೆ ಎಣ್ಣೆ ಹಚ್ಚಿ, ಹಚ್ಚಿದ್ದನ್ನು ಒಣ ಬಟ್ಟೆಯಲ್ಲಿ ಪೂರಾ ಒರೆಸಿ ತೆಗೆಯಿರಿ. ಏನೂ ಉಳಿದಿಲ್ಲ ಅನ್ನಿಸಬೇಕು, ಅಷ್ಟು ಸಾಕು. ಆಮೇಲೆ ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ, ಆರಲು ಬಿಡಿ. ಇದೇ ಕೆಲಸ ನಾಲ್ಕೈದು ಸಲ. ತುಂಬಾ ಜನ ಎಡವುವುದು ಇಲ್ಲೇ. ಪಳಗಿಸುವುದು ಅಂದರೆ ಎಣ್ಣೆ ಸುರಿದು ಕಾಯಿಸುವುದು ಅಂದುಕೊಳ್ಳುತ್ತಾರೆ, ದಪ್ಪ ಎಣ್ಣೆ ಅಂಟಂಟಾಗಿ ನಿಂತು ದೋಸೆಯನ್ನೇ ಹಿಡಿದುಕೊಳ್ಳುತ್ತದೆ. ಎಣ್ಣೆ ತೆಳುವಾಗಿ ಹರಡಿ ಕಾದಾಗ ಗಟ್ಟಿಯಾಗಿ, ಕಬ್ಬಿಣಕ್ಕೆ ಕಚ್ಚಿಕೊಂಡ ಕಪ್ಪು ಪದರವಾಗುತ್ತದೆ. ಆ ಪದರವೇ ನಿಮ್ಮ ನಾನ್‌ಸ್ಟಿಕ್, ಮತ್ತೆ ಅದು ಎದ್ದರೆ ಇನ್ನೊಂದು ಹಾಕಿಕೊಳ್ಳಬಹುದು, ನೂರು ಸಲ ಬೇಕಾದರೂ.

ಯಾವ ಎಣ್ಣೆ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ನಮ್ಮ ಊರಿನಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ. ದೋಸೆ ಹೊಯ್ಯುವಾಗ ಅದೇ ಚಂದ. ಆದರೆ ಪಳಗಿಸುವುದಕ್ಕೆ ಅದು ಅಷ್ಟು ಗಟ್ಟಿಯಾಗುವುದಿಲ್ಲ. ಸೂರ್ಯಕಾಂತಿ ಎಣ್ಣೆ ಚೆನ್ನಾಗಿ ಕಚ್ಚುತ್ತದೆ, ಶೇಂಗಾ ಎಣ್ಣೆಯೂ ಆಗುತ್ತದೆ. ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ನಾನು ಹಚ್ಚಿ ನೋಡಿದ್ದೇನೆ, ಗಟ್ಟಿಯೇನೋ ಆಯಿತು, ಎರಡು ತಿಂಗಳಿಗೆ ಚಕ್ಕೆ ಚಕ್ಕೆಯಾಗಿ ಎದ್ದಿತು.

ಮೊದಲ ದಿನ ದೋಸೆ ಹೊಯ್ಯಬೇಡಿ. ಒಂದು ಹಿಡಿ ಈರುಳ್ಳಿ ಹೆಚ್ಚಿ ಎಣ್ಣೆಯಲ್ಲಿ ಕಪ್ಪಾಗುವವರೆಗೆ ಹುರಿದು ಎಸೆಯಿರಿ. ಮಾರನೇ ದಿನ ದಪ್ಪ ದೋಸೆ. ನೀರುದೋಸೆ ಕೊನೆಯ ಪರೀಕ್ಷೆ, ಅದು ಎದ್ದು ಬಂದರೆ ಕಾವಲಿ ಪಳಗಿತು. ಎಣ್ಣೆ ಹಚ್ಚಲು ಅರ್ಧ ಹೋಳು ಈರುಳ್ಳಿ ಅಥವಾ ಬದನೆಕಾಯಿ ತೊಟ್ಟು ಇಟ್ಟುಕೊಳ್ಳಿ, ಸಿಲಿಕೋನ್ ಬ್ರಷ್ ಬೇಡ, ತುಂಬಾ ಕಾದ ಕಾವಲಿಗೆ ಅದು ಹಾಳಾಗಬಹುದು.

ನಿಮ್ಮಲ್ಲಿ ಎರಡು ಇದೆಯಲ್ಲ, ಒಂದನ್ನು ಬರೀ ದೋಸೆಗೆ ಇಡಿ, ಇನ್ನೊಂದು ಚಪಾತಿ ರೊಟ್ಟಿಗೆ. ಒಂದರಲ್ಲೇ ಎರಡೂ ಮಾಡಿದರೆ ಚಪಾತಿಯ ಒಣ ಕಾವಿಗೆ ಎಣ್ಣೆ ಪದರ ಸುಟ್ಟುಹೋಗಿ ಮಾರನೇ ದಿನ ದೋಸೆ ಕಚ್ಚುತ್ತದೆ. ನಿಮ್ಮ ಅಜ್ಜಿಯ ಮನೆಯಲ್ಲೂ ಎರಡು ಇದ್ದದ್ದು ಸುಮ್ನೆ ಅಲ್ಲ.

ಇನ್ನೊಂದು, ಇದನ್ನು ದಯವಿಟ್ಟು ಮರೆಯಬೇಡಿ. ಬಿಸಿ ಕಾವಲಿಗೆ ತಣ್ಣೀರು ಸುರಿಯಬಾರದು. ದೋಸೆಗೆ ಮುಂಚೆ ಕೈಯಲ್ಲಿ ನಾಲ್ಕು ಹನಿ ಚಿಮುಕಿಸುವುದು ಬೇರೆ. ನಾನು ಮದುವೆಯಾಗಿ ತೀರ್ಥಹಳ್ಳಿ ಕಡೆಗೆ ಬಂದ ಹೊಸದರಲ್ಲಿ, ಕೆಲಸ ಬೇಗ ಮುಗಿಯಲಿ ಅಂತ, ಒಲೆಯಿಂದ ಇಳಿಸಿದ ಕಾವಲಿಯನ್ನು ಹಾಗೇ ಬಚ್ಚಲಿಗೆ ಒಯ್ದು ಒಂದು ತಂಬಿಗೆ ನೀರು ಹೊಯ್ದೆ. ‘ಟಣ್’ ಅಂತ ಒಂದೇ ಸದ್ದು, ನಡುವಿನಿಂದ ಅಂಚಿನವರೆಗೆ ಸೀಳು. ಅದು ಅತ್ತೆಯವರ ಅತ್ತೆ ಬಳಸಿದ್ದ ಕಾವಲಿ. ಅತ್ತೆ ಬೈಯಲಿಲ್ಲ. ಸಂಜೆ ಜಗಲಿಯಲ್ಲಿ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡು ಸೀಳಿನ ಮೇಲೆ ಬೆರಳು ಆಡಿಸುತ್ತಿದ್ದರು. ಮೂವತ್ತು ವರ್ಷ ಆಯಿತು, ಈಗಲೂ ಕಾವಲಿ ತೊಳೆಯುವಾಗ ಅದು ಕಣ್ಣಮುಂದೆ ಬರುತ್ತದೆ.

ಹಿತ್ತಾಳೆ ಪಾತ್ರೆಯ ವಿಷಯದಲ್ಲಿ ಮಾತ್ರ ಅವಸರ ಬೇಡ. ಒಳಗಿನ ಹಸಿರು ಕಿಲುಬು, ಅದು ವಿಷವೇ. ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದರೆ ಹೊಳೆಯುತ್ತದೆ, ಹೊಳೆದ ಮಾತ್ರಕ್ಕೆ ಅಡುಗೆಗೆ ಆಗುವುದಿಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಮೊಸರು, ಮಜ್ಜಿಗೆ, ಹುಳಿ, ಸಾರು ಯಾವುದನ್ನೂ ಇಡಬೇಡಿ. ಕಲಾಯಿ ಹಾಕಿಸಿ. ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಬಳಿಯುತ್ತಾರೆ, ಒಂದು ಕ್ಷಣದಲ್ಲಿ ಒಳಗೆಲ್ಲ ಕನ್ನಡಿಯಾಗುತ್ತದೆ. ನೋಡಲು ಬಲು ಚಂದ, ಆದರೆ ಆ ಬಿಳಿ ಹೊಗೆಯಿಂದ ದೂರ ನಿಲ್ಲಿ.

ಕೆಲವು ಕಡೆ ತವರಕ್ಕೆ ಸೀಸ ಬೆರೆಸುತ್ತಾರೆ, ಸೀಸ ಅಗ್ಗ ಅಂತ. ಸೀಸ ಮೈಗೆ ಸೇರಿದರೆ ಮಕ್ಕಳಿಗೆ ತುಂಬಾ ಕೆಟ್ಟದ್ದು. ಹಾಗಾಗಿ ಕಲಾಯಿಯವರ ಹತ್ತಿರ ಕಡ್ಡಿ ಕೇಳಿ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ಅಪ್ಪಟ ತವರ ಬಗ್ಗುವಾಗ ಕರಕರ ಅನ್ನುತ್ತದೆ. ಸೀಸ ಅನ್ನುವುದಿಲ್ಲ, ಬಿಳಿ ಕಾಗದದ ಮೇಲೆ ಎಳೆದರೆ ಪೆನ್ಸಿಲಿನಂತೆ ಬೂದು ಗೆರೆಯನ್ನೂ ಬಿಡುತ್ತದೆ. ಸದ್ದು ಬರದಿದ್ದರೆ ಅಥವಾ ಗೆರೆ ಬಿದ್ದರೆ ಬೇಡ ಅಂದುಬಿಡಿ. ಒಳ್ಳೆಯ ಕೆಲಸದವರು ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಾಗುತ್ತಾರೆ.

ಕಲಾಯಿ ಹಾಕಿಸಿದ ಮೇಲೆ ಪಾತ್ರೆಯನ್ನು ಖಾಲಿ ಕಾಯಿಸಬೇಡಿ, ತವರ 232 ಡಿಗ್ರಿಗೇ ಕರಗುತ್ತದೆ. ಅದರಲ್ಲಿ ಒಗ್ಗರಣೆ, ಹುರಿಯುವುದು, ಕರಿಯುವುದು ಬೇಡ. ಅನ್ನ, ಪಾಯಸ, ಸಾರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮರದ ಸೌಟು, ಮೆತ್ತನೆ ನಾರು. ದಿನಾ ಬಳಸಿದರೆ ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಾದೀತು, ಒಳಗೆ ಹಳದಿ ಇಣುಕಿದ ದಿನವೇ ನಿಲ್ಲಿಸಿ.

ಕಲ್ಲು ಮರಿಗೆ ಸಿಕ್ಕಿದ್ದು ನಿಮ್ಮ ಅದೃಷ್ಟ. ಇದು ಬಳಪದ ಕಲ್ಲು. ಸ್ಲೇಟಿನ ಮೇಲೆ ನಾವು ಬರೆಯುತ್ತಿದ್ದ ಬಳಪವೂ, ಬೇಲೂರು ಹಳೇಬೀಡಿನ ಹೊಯ್ಸಳ ಶಿಲ್ಪಗಳ ಕಲ್ಲೂ ಇದೇ ಜಾತಿ. ಮೆತ್ತಗಿರುವುದಕ್ಕೇ ಅಷ್ಟು ನಾಜೂಕು ಕೆತ್ತನೆ ಆಯಿತು. ತಳದಲ್ಲಿ ಉಗುರಿನಿಂದ ಗೀರಿ ನೋಡಿ, ಪುಡಿ ಬಂದರೆ ಅದೇ. ಹುಳಿ ಇದಕ್ಕೆ ಏನೂ ಮಾಡುವುದಿಲ್ಲ, ಅದಕ್ಕೇ ಮೊಸರು, ತಂಬುಳಿ, ಉಪ್ಪಿನಕಾಯಿ ಎಲ್ಲ ಮರಿಗೆಯಲ್ಲಿ ಇರುತ್ತಿತ್ತು. ಸೋಪು ಹಾಕಬೇಡಿ, ಕಲ್ಲು ಹೀರಿಕೊಳ್ಳುತ್ತದೆ. ಸೀಗೆಪುಡಿ ಅಥವಾ ಕಡಲೆಹಿಟ್ಟು ಸಾಕು. ವರ್ಷಗಟ್ಟಲೆ ಒಣಗಿದೆ, ಹಾಗಾಗಿ ಮೂರು ನಾಲ್ಕು ದಿನ ದಿನಾ ಗಂಜಿನೀರು ತುಂಬಿಸಿಡಿ, ಮೊದಲು ಉಗುರುಬೆಚ್ಚಗೆ, ಆಮೇಲೆ ಬಿಸಿ. ಒಣಗಿಸಿ ಎಣ್ಣೆ ಅರಿಸಿನ ಸವರಿ ಒಂದು ರಾತ್ರಿ ಬಿಡಿ. ಒಲೆಗೆ ಇಡುವುದಾದರೆ ಸಣ್ಣ ಉರಿ, ಒಳಗೆ ನೀರಿರಬೇಕು. ಸಾಂಬಾರು ಪೂರ್ತಿ ಆಗುವ ಸ್ವಲ್ಪ ಮುಂಚೆ ಒಲೆ ಆರಿಸಿ, ಕಲ್ಲಿನ ಬಿಸಿಗೇ ಇನ್ನೂ ಹೊತ್ತು ಕುದಿಯುತ್ತಿರುತ್ತದೆ.

ನೀವು ಇಂಡಕ್ಷನ್ ಒಲೆ ಇದೆ ಅಂತಲೂ ಬರೆದಿದ್ದೀರಿ. ಮ್ಯಾಗ್ನೆಟ್ ಅಂಟಿದರೆ ಮಾತ್ರ ಅದರ ಮೇಲೆ ಕೆಲಸ ಮಾಡುತ್ತದೆ. ಬೀಡಿಗೆ ಅಂಟುತ್ತದೆ, ಹಿತ್ತಾಳೆಗೂ ಕಲ್ಲಿಗೂ ಇಲ್ಲ. ಕಾವಲಿಯ ತಳ ಸಮತಟ್ಟು ಇರಬೇಕು, ಕಾವನ್ನು ನಿಧಾನಕ್ಕೆ ಏರಿಸಬೇಕು. ಒಂದೇ ಏಟಿಗೆ ಜಾಸ್ತಿ ಇಟ್ಟರೆ ನಡುವೆ ಮಾತ್ರ ಕಾದು ಅಲ್ಲಿಯೂ ಸೀಳಬಹುದು.

ಮೆಟ್ಟುಕತ್ತಿಗೆ ಬರೆಯುವುದೇನಿದೆ, ತುಕ್ಕು ತೆಗೆದು ಸಾಣೆ ಹಿಡಿಸಿ, ಮಣೆ ಲಡ್ಡಾಗಿದ್ದರೆ ಹಲಸಿನ ಹಲಗೆಯಲ್ಲಿ ಹೊಸದು ಮಾಡಿಸಿ. ಮಗು ಇರುವ ಮನೆ, ಕೆಲಸ ಮುಗಿದ ತಕ್ಷಣ ಗೋಡೆಗೆ ಮುಖ ಮಾಡಿ ಎತ್ತರದಲ್ಲಿಡಿ.

ಅಟ್ಟದಲ್ಲಿ ಇನ್ನೂ ಇದೆ ಅಂದಿರಿ. ಹಳೆಯದು ಅಂತ ಎಲ್ಲವನ್ನೂ ತರಬೇಡಿ. ಗುಳಿ ಬಿದ್ದ ಅಲ್ಯೂಮಿನಿಯಂ ಪಾತ್ರೆ, ಮುಚ್ಚಳ ಬಗ್ಗಿದ ಕುಕ್ಕರ್, ಬಟ್ಟೆ ಸುತ್ತಿದ ವೈರಿನ ಇಸ್ತ್ರಿಪೆಟ್ಟಿಗೆ, ಇವು ಗುಜರಿಗೇ ಸರಿ. ಕುಕ್ಕರ್ ನೇರವಾಗಿದ್ದರೆ ಮಾತ್ರ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಹೊಸದು ಹಾಕಿ ಬಳಸಬಹುದು. ಹೊಸ ಸಾಮಾನಿಗೂ ಇದೇ ಲೆಕ್ಕ. ಟ್ಯಾಂಕ್ ಇರುವ ಗೀಸರಿನ ಒಳಗೆ ಮೆಗ್ನೀಸಿಯಂ ಸರಳು ಒಂದಿರುತ್ತದೆ, ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ನೋಡಿ ಬದಲಿಸಿದರೆ ಗೀಸರೂ ಬಹಳ ಕಾಲ ಬರುತ್ತದೆ. ಹಾಕಿಕೊಟ್ಟವರು ಈ ಮಾತು ನಮಗೆ ಹೇಳಲೇ ಇಲ್ಲ, ಆರನೇ ವರ್ಷಕ್ಕೆ ಟ್ಯಾಂಕು ತೂತಾಯಿತು. ಬಚ್ಚಲಿನ ತಾಮ್ರದ ಹಂಡೆ ಮಾತ್ರ ಹಾಗೇ ಇದೆ, ಈಗ ಮತ್ತೆ ಅದರಲ್ಲೇ ಅಡಿಕೆ ಹಾಳೆ ಉರಿಸಿ ನೀರು ಕಾಯಿಸುತ್ತೇವೆ.

ಭಾರದ ಮಾತೂ ನಿಜ. ನಮ್ಮ ಅಮ್ಮನಿಗೆ ಈಗ ಮಣಿಕಟ್ಟು ನೋವು, ಬೀಡಿನ ಕಾವಲಿ ಎತ್ತಲು ಆಗುವುದಿಲ್ಲ. ಅವರಿಗೆ ಹಗುರದ ನಾನ್‌ಸ್ಟಿಕ್ ತಂದುಕೊಟ್ಟಿದ್ದೇನೆ, ಸಣ್ಣ ಉರಿ, ಮರದ ಸಟ್ಟುಗ, ಅಷ್ಟು ನೋಡಿಕೊಂಡರೆ ಅದೂ ಸ್ವಲ್ಪ ಹೆಚ್ಚು ಕಾಲ ಬರುತ್ತದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರ ಕೈಗೆ ಏನು ಅನುಕೂಲವೋ ಅದಿರಲಿ.

ನೀವು ಮೊದಲು ಆ ಚಿಕ್ಕ ಕಾವಲಿಯನ್ನು ಬಡಿದು ನೋಡಿ. ಎರಡನೇ ಫೋಟೋದಲ್ಲಿ ಹಿಡಿಯ ಹತ್ತಿರ ಒಂದು ಗೆರೆ ಕಾಣುತ್ತಿದೆ, ತುಕ್ಕಿನ ಗೆರೆಯೋ ಸೀಳೋ ಇಲ್ಲಿಂದ ಗೊತ್ತಾಗುತ್ತಿಲ್ಲ. ತಿಕ್ಕಿದ ಮೇಲೆ ಆ ಜಾಗದ ಫೋಟೋ ಹಾಕಿ.