ದಕ್ಷಿಣ ಆಫ್ರಿಕಾದಲ್ಲಿ ನಾವೇ ಕಾರು ಓಡಿಸಿಕೊಂಡು ಹಕ್ಕಿ ನೋಡುವುದಾದರೆ ಗೈಡ್ ಎಲ್ಲಿ ಬೇಕು, ಎಲ್ಲಿ ಬೇಡ?

ರಾಯಚೂರಿನಿಂದ ಗಂಡ ಹೆಂಡತಿ ಇಬ್ಬರೇ ಹೊರಟಿದ್ದೀರಿ, ಕೈಯಲ್ಲಿ ಎರಡು ವಾರ ಇದೆ, ಪ್ಯಾಕೇಜ್ ಟೂರ್ ಬೇಡ, ಬಾಡಿಗೆ ಕಾರು ಸಾಕು, ಆದರೆ ಗೈಡ್ ಯಾವಾಗ ಹಿಡಿಯಬೇಕು ಅನ್ನುವುದು ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಕಂಪ್ಲಿಯವನು. ತಮ್ಮನ ಜೊತೆ ಇದೇ ರೀತಿ ಹೋಗಿ ಬಂದಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಯಲಲ್ಲಿ, ಕೆರೆ ದಂಡೆಯಲ್ಲಿ ಗೈಡ್ ಬೇಡ. ದಟ್ಟ ಕಾಡಿನೊಳಗೆ ಮತ್ತು ಖಾಸಗಿ ಜಮೀನಿನಲ್ಲಿ ಗೈಡ್ ಇಲ್ಲದೆ ಹೋಗಬೇಡಿ. ಇದು ನಮ್ಮ ಕಡೆಯೂ ಹೀಗೇ ಅಲ್ಲವೇ? ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಬರುವ ಪಟ್ಟೆತಲೆಯ ಹೆಬ್ಬಾತು ನೋಡಲು ಒಂದು ಬೈನಾಕ್ಯುಲರ್ ಇದ್ದರೆ ಆಯಿತು. ಅದೇ ದರೋಜಿ ಸುತ್ತಲಿನ ಬಂಡೆಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರ ಬೇಕೆಂದರೆ, ಯಾವ ಗುಡ್ಡದ ಯಾವ ಮಗ್ಗುಲಿಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಬಲ್ಲ ಊರಿನವರು ಜೊತೆಗಿರಬೇಕು. ಅಲ್ಲಿಯೂ ದುಡ್ಡನ್ನು ಇದೇ ಲೆಕ್ಕದಲ್ಲಿ ಹಂಚಿ.

ದಾರಿ ಹೀಗಿಟ್ಟುಕೊಳ್ಳಿ: ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದು ವಾಕರ್‌ಸ್ಟ್ರೂಮ್, ಅಲ್ಲಿಂದ ಮಕೂಝೆ ಅಭಯಾರಣ್ಯ ಮತ್ತು ಕರಾವಳಿಯ ಊರು ಸೇಂಟ್ ಲೂಸಿಯಾ, ಆಮೇಲೆ ಕ್ರೂಗರ್ ರಾಷ್ಟ್ರೀಯ ಉದ್ಯಾನ, ಮತ್ತೆ ಜೋಹಾನ್ಸ್‌ಬರ್ಗ್. ಕೇಪ್ ಟೌನ್ ಸೇರಿಸುವ ಆಸೆ ಆಗುತ್ತದೆ, ಬೇಡ. ಹಕ್ಕಿ ನೋಡುವವರಿಗೆ ಬೆಳಗಿನ ಮೂರು ತಾಸೇ ಬಂಡವಾಳ. ದಿನಕ್ಕೊಂದು ಊರು ಬದಲಿಸಿದರೆ ಆ ಬೆಳಗೆಲ್ಲ ಹೆದ್ದಾರಿಯ ಪಾಲಾಗುತ್ತದೆ. ಊರು ಬದಲಿಸುವ ಪ್ರಯಾಣವನ್ನು ಹಕ್ಕಿಗಳು ಸುಮ್ಮನಾಗುವ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಒಂದೊಂದು ಜಾಗದಲ್ಲಿ ಕನಿಷ್ಠ ಎರಡು ರಾತ್ರಿ ಉಳಿಯಿರಿ.

ಮೊದಲ ಗೈಡ್ ವಾಕರ್‌ಸ್ಟ್ರೂಮ್‌ನಲ್ಲಿ. ಎತ್ತರದ ಹುಲ್ಲುಗಾವಲಿನ ಸಣ್ಣ ಊರು ಅದು. ರಡ್ಸ್ ಲಾರ್ಕ್, ಬೋಥಾಸ್ ಲಾರ್ಕ್ ಎಂಬ ಎರಡು ಅಪರೂಪದ ನೆಲಗುಬ್ಬಿಗಳಿಗಾಗಿಯೇ ಜಗತ್ತಿನ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ. ಹುಲ್ಲಿನ ಬಣ್ಣದಲ್ಲೇ ಬೆರೆತುಹೋಗುವ ಹಕ್ಕಿಗಳು, ಹಾಡು ಗುರುತಿಲ್ಲದಿದ್ದರೆ ಮುಂದೆ ಹಾರಿದರೂ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಅವು ಇರುವ ಹುಲ್ಲುಗಾವಲು ಬಹಳಷ್ಟು ರೈತರ ಸ್ವಂತ ಜಮೀನು. ತಂತಿ ಬೇಲಿ, ಮುಚ್ಚಿದ ಗೇಟು. ನಮ್ಮನ್ನು ಕರೆದೊಯ್ದ ಗೈಡ್ ಹಿಂದಿನ ಸಂಜೆಯೇ ಜಮೀನಿನವರಿಗೆ ಫೋನ್ ಮಾಡಿ ಕೇಳಿದ್ದರು. ಬೆಳಿಗ್ಗೆ ಗೇಟು ತೆಗೆದು, ಒಳಗೆ ಹೋದಮೇಲೆ ಮರೆಯದೆ ಮುಚ್ಚಿ, ಯಾವ ಇಳಿಜಾರಿನಲ್ಲಿ ನಿಲ್ಲಬೇಕು ಅಂತ ತೋರಿಸಿದರು. ನೀವು ಕೊಡುವ ದುಡ್ಡಿಗೆ ಹಕ್ಕಿಯ ಜೊತೆ ಆ ಗೇಟೂ ತೆರೆಯುತ್ತದೆ. ಬರ್ಡ್‌ಲೈಫ್ ಸೌತ್ ಆಫ್ರಿಕಾ ಸಂಸ್ಥೆ ಸ್ಥಳೀಯ ಸಮುದಾಯಗಳ ಜನರಿಗೆ ತರಬೇತಿ ಕೊಟ್ಟು ಗೈಡ್‌ಗಳನ್ನು ತಯಾರು ಮಾಡಿದೆ. ಮೊದಲು ಅವರನ್ನೇ ವಿಚಾರಿಸಿ. ಆ ದುಡ್ಡು ಊರಲ್ಲೇ ಉಳಿಯುತ್ತದೆ, ಆ ಹುಲ್ಲುಗಾವಲು ಉಳಿಯಲಿ ಅನ್ನುವವರ ಸಂಖ್ಯೆಯೂ ಅಷ್ಟು ಹೆಚ್ಚುತ್ತದೆ. ಸಿರುಗುಪ್ಪದ ಎರೆ ಹೊಲಗಳಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬೆರಳೆಣಿಕೆಗೆ ಇಳಿದದ್ದನ್ನು ಕಂಡಿರುವ ನಮಗೆ ಇದು ಚಿಲ್ಲರೆ ವಿಷಯವಲ್ಲ.

ಎರಡನೆಯ ಗೈಡ್ ಸೇಂಟ್ ಲೂಸಿಯಾದ ಕರಾವಳಿ ಕಾಡಿಗೆ. ಅಲ್ಲಿ ಲಿವಿಂಗ್‌ಸ್ಟನ್ ಟುರಾಕೊ, ನರೀನಾ ಟ್ರೋಗನ್ ಇವೆ. ಎರಡೂ ಹಸಿರು, ಎಲೆ ಮರೆಯಲ್ಲಿ ಅಲುಗಾಡದೆ ಕೂತರೆ ಹೊಸಬರ ಕಣ್ಣಿಗೆ ಬೀಳುವುದು ಕಷ್ಟ. ಮೊದಲ ಬೆಳಗು ಗೈಡ್ ಜೊತೆ ಹೋಗಿ ಕೂಗುಗಳನ್ನು ಕಿವಿಗೆ ಹಾಕಿಕೊಳ್ಳಿ, ಎರಡನೇ ಬೆಳಗು ಅದೇ ದಾರಿಯಲ್ಲಿ ನೀವಿಬ್ಬರೇ ಹೋಗಿ. ಕಲಿತದ್ದು ಗಟ್ಟಿಯಾಗುವುದು ಆ ಎರಡನೇ ದಿನವೇ. ರಾತ್ರಿ ಮಾತ್ರ ಊರೊಳಗೂ ನಡೆದು ತಿರುಗಬೇಡಿ, ನೀರಾನೆಗಳು ಬೀದಿಗೆ ಬರುತ್ತವೆ. ಮಕೂಝೆಯಲ್ಲಿ ನೀರಿನ ಹೊಂಡದ ಪಕ್ಕ, ಪ್ರಾಣಿ ಪಕ್ಷಿಗಳಿಗೆ ಕಾಣದಂತೆ ಒಳಗೆ ಕೂತು ನೋಡುವ ಮರದ ಹೈಡ್‌ಗಳಿವೆ. ಅಲ್ಲಿ ಗೈಡ್ ಏನೂ ಬೇಡ, ನೀರಿನ ಬಾಟಲಿ ಇಟ್ಟುಕೊಂಡು ಸುಮ್ಮನೆ ಕೂತರೆ ಹಕ್ಕಿಗಳೇ ಬರುತ್ತವೆ.

ಗೈಡ್‌ಗೆ ವಾಟ್ಸಾಪ್‌ನಲ್ಲಿ ಬರೆಯುವಾಗ ನೂರು ಹೆಸರಿನ ಪಟ್ಟಿ ಕಳಿಸಬೇಡಿ. ನಿಮಗೆ ನಿಜವಾಗಿ ಬೇಕಾದ ಏಳೆಂಟು ಹಕ್ಕಿ ಬರೆಯಿರಿ. ಅರ್ಧ ದಿನಕ್ಕೆ ಎಷ್ಟು, ಪ್ರವೇಶ ಶುಲ್ಕ ಅದರಲ್ಲಿ ಸೇರಿದೆಯೇ, ನಗದು ಕೊಡಬೇಕೇ, ಅವರು ನಿಮ್ಮ ಕಾರಿನಲ್ಲೇ ಕೂರುತ್ತಾರೆಯೇ ಅಂತ ಮೊದಲೇ ಕೇಳಿ. ನಿಮ್ಮ ಕಾರಾದರೆ ಸಾಮಾನು ರೂಮಿನಲ್ಲಿ ಬಿಟ್ಟು ಮುಂದಿನ ಸೀಟು ಅವರಿಗೆ ಕೊಡಿ. ಧ್ವನಿಮುದ್ರಣ ಹಾಕಿ ಹಕ್ಕಿಯನ್ನು ಪದೇ ಪದೇ ಕರೆಸುವುದು ಬೇಡ ಅಂತ ನೀವೇ ಹೇಳಿಬಿಡಿ. ಮರಿ ಮಾಡುವ ಕಾಲದಲ್ಲಿ ಅದು ಹಕ್ಕಿಗೆ ಹಿಂಸೆ.

ಕ್ರೂಗರ್ ಪೂರ್ತಿ ನಿಮ್ಮದು, ಅಲ್ಲಿ ಗೈಡ್ ಬೇಡ. ಸುಮಾರು 19,500 ಚದರ ಕಿ.ಮೀ. ವಿಸ್ತಾರದಲ್ಲಿ 500ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಟಾರು ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ಮೀರುವಂತಿಲ್ಲ, ಹಕ್ಕಿ ನೋಡುತ್ತ ಹೋದರೆ 20 ಕೂಡ ಆಗುವುದಿಲ್ಲ. ಲೋವರ್ ಸಾಬಿ ಕ್ಯಾಂಪಿನಿಂದ ಸತಾರಾ ಕ್ಯಾಂಪಿಗೆ ನೂರು ಕಿ.ಮೀ. ಒಳಗೇ ಇದ್ದರೂ ಅದಕ್ಕೆ ಒಂದು ಇಡೀ ದಿನ ಬಿಡಿ. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ, ಕತ್ತಲಾಗುವ ಮೊದಲು ಕ್ಯಾಂಪ್ ಗೇಟು ಸೇರಲೇಬೇಕು, ಆ ಸಮಯ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಸ್ಕುಕುಜಾ ಕ್ಯಾಂಪಿನ ಹತ್ತಿರದ ಲೇಕ್ ಪ್ಯಾನಿಕ್ ಹೈಡ್, ಲೋವರ್ ಸಾಬಿ ಪಕ್ಕದ ಸನ್‌ಸೆಟ್ ಡ್ಯಾಮ್, ಈ ಎರಡಕ್ಕೆ ಒಂದೊಂದು ಇಡೀ ಬೆಳಗು ಕೊಟ್ಟರೂ ನಷ್ಟವಿಲ್ಲ. ಸತಾರಾ ಸುತ್ತಲಿನ ಬಯಲಲ್ಲಿ ಕೋರಿ ಬಸ್ಟರ್ಡ್ ಹುಡುಕಿ. ನಮ್ಮ ಎರೆಭೂತದ ಕುಲದ್ದೇ ಹಕ್ಕಿ, ಗಂಡು 15 ಕಿಲೋಗೂ ಮೀರಿ ತೂಗಬಲ್ಲದು. ರಸ್ತೆ ಪಕ್ಕದ ಹುಲ್ಲಿನಲ್ಲಿ ಅದು ಯಾವ ಭಯವೂ ಇಲ್ಲದೆ ನಡೆದು ಹೋಗುವುದನ್ನು ನೋಡಿ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ನಮ್ಮ ಹೊಲಗಳಲ್ಲೂ ಹೀಗೆ ಇರಬಹುದಿತ್ತು.

ಕಾಲ ಅಂದರೆ ನವೆಂಬರ್, ಡಿಸೆಂಬರ್. ಮಳೆ, ಸೆಖೆ ಎರಡೂ ಇರುತ್ತವೆ. ಆದರೆ ವಲಸೆ ಹಕ್ಕಿಗಳು ಬಂದಿರುತ್ತವೆ, ನೆಲಗುಬ್ಬಿಗಳು ಹಾಡುತ್ತಿರುತ್ತವೆ. ಸಿಂಹ, ಚಿರತೆಯೇ ಮುಖ್ಯ ಅನ್ನುವುದಾದರೆ ಹುಲ್ಲು ಒಣಗಿರುವ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು.

ಗಾಡಿ ಓಡಿಸುವುದಕ್ಕೆ ಹೆದರಬೇಡಿ, ನಮ್ಮ ಹಾಗೆಯೇ ಎಡಗಡೆ. ಹೊಸದಾಗಿ ಕಾಣುವುದು ನಾಲ್ಕು ದಾರಿ ಕೂಡುವ ಕಡೆಯ ಸ್ಟಾಪ್ ಫಲಕ: ಎಲ್ಲರೂ ಪೂರ್ತಿ ನಿಲ್ಲಿಸಬೇಕು, ಮೊದಲು ಬಂದವರು ಮೊದಲು ಹೋಗುತ್ತಾರೆ. ಹಾರ್ನ್ ಹೊಡೆದು ನುಗ್ಗುವ ರೂಢಿ ಇಲ್ಲ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಓಡಿಸಬೇಡಿ, ದನಕರು, ಗುಂಡಿ ಎರಡೂ ಇವೆ. ಫೋರ್‌ವೀಲ್ ಡ್ರೈವ್ ಬೇಕಿಲ್ಲ, ಸ್ವಲ್ಪ ಎತ್ತರದ ಸಣ್ಣ ಎಸ್‌ಯುವಿ ತಗೊಳ್ಳಿ, ಹುಲ್ಲಿನ ಮೇಲಿಂದ ನೋಡಲು ಅನುಕೂಲ. ಡೆಪಾಸಿಟ್‌ಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಿ. ಇನ್ಶೂರೆನ್ಸ್‌ನಲ್ಲಿ ಟೈರು ಮತ್ತು ಗಾಜು ಸೇರಿದೆಯೇ ಅಂತ ಓದಿ ನೋಡಿ. ಸೇಂಟ್ ಲೂಸಿಯಾದಿಂದ ಕ್ರೂಗರ್‌ಗೆ ಎಸ್ವಾಟಿನಿ ದೇಶದ ಮೂಲಕ ಹೋಗಬಹುದು, ಆದರೆ ಅದಕ್ಕೆ ಬಾಡಿಗೆ ಕಂಪನಿಯ ಪತ್ರ ಬೇಕು, ಮತ್ತೆ ಒಳಗೆ ಬರಲು ನಿಮ್ಮ ವೀಸಾದಲ್ಲಿ ಅವಕಾಶವಿರಬೇಕು. ಸುತ್ತಿಕೊಂಡು ಹೋಗುವುದೇ ನೆಮ್ಮದಿ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಿಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. ಇಬ್ಬರೂ ಮಾಡಿಸಿಕೊಳ್ಳಿ, ಒಬ್ಬರು ಓಡಿಸುವಾಗ ಇನ್ನೊಬ್ಬರು ನೋಡಬಹುದು. ಮಲೇರಿಯಾ ಮಾತ್ರೆ ಬಗ್ಗೆ ವೈದ್ಯರನ್ನು ಕೇಳಿ, ಕ್ರೂಗರ್‌ನಲ್ಲಿ ಮಳೆಗಾಲಕ್ಕೆ ಅದರ ಭಯ ಇದೆ. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಟಿಕೆಟ್ ತಗೊಂಡರೆ ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿ. ಕೊಲ್ಲಿ ದೇಶಗಳ ಮೂಲಕ ಹೋದರೆ ಆ ಗೋಜಿಲ್ಲ. ಕ್ರೂಗರ್ ಕ್ಯಾಂಪ್ ಮಾತ್ರ ಎಲ್ಲಕ್ಕಿಂತ ಮೊದಲು ಬುಕ್ ಮಾಡಿ, ಡಿಸೆಂಬರ್‌ನಲ್ಲಿ ಅಲ್ಲಿನ ಶಾಲೆಗಳಿಗೆ ರಜೆ, ಕೋಣೆಗಳು ಬೇಗ ತುಂಬಿಬಿಡುತ್ತವೆ.