ಅಮ್ಮಮ್ಮನ ತವರುಮನೆ ಎಷ್ಟು ಅಡಿಯಲ್ಲಿತ್ತು?

ಮೂರು ತಿಂಗಳ ಹಿಂದೆ ತೀರಿಕೊಂಡ ನಿಮ್ಮ ಅಜ್ಜಿಯ ನೆನಪಾದಾಗಲೆಲ್ಲ ಅಳುವಿಗಿಂತ ಮೊದಲು ನಗು ಬರುತ್ತದೆ, ಇದು ತಪ್ಪೇ, ನಗಿಸುತ್ತಿದ್ದ ಅಜ್ಜಿಯರನ್ನು ಉಳಿದವರು ಹೇಗೆ ನೆನೆಯುತ್ತಾರೆ ಎಂದು ಕೇಳಿದ್ದೀರಿ. ತಪ್ಪೇನೂ ಇಲ್ಲ. ನನ್ನ ಅಮ್ಮಮ್ಮ, ಅಂದರೆ ತಾಯಿಯ ತಾಯಿ, ತೀರಿಕೊಂಡ ಹದಿಮೂರನೆಯ ದಿನದ ಊಟದ ಪಂಕ್ತಿಯಲ್ಲಿ ಯಾರೋ ಅವಳ ಮಾತೊಂದನ್ನು ಎತ್ತಿದ್ದೇ ತಡ, ಸಾರು ಬಡಿಸುತ್ತಿದ್ದ ಮಾವ ಸೌಟು ಹಿಡಿದುಕೊಂಡೇ ನಿಂತು ನಗತೊಡಗಿದರು. ಎದುರು ಸಾಲಿನಲ್ಲಿ ಕುಳಿತಿದ್ದ ಪುರೋಹಿತರಿಗೂ ತಡೆಯಲಾಗಲಿಲ್ಲ. ಆದರೆ ನಗೆಮಾತನ್ನಷ್ಟೇ ಇಟ್ಟುಕೊಂಡು, ಅದನ್ನು ಅವಳು ಯಾವುದರ ಬಗ್ಗೆ ಆಡಿದ್ದಳು ಎಂಬುದನ್ನು ಬಿಟ್ಟರೆ ಅವಳು ಅರ್ಧವಷ್ಟೇ ಕೈಗೆ ಸಿಗುತ್ತಾಳೆ ಎಂದು ನನಗೆ ಅನ್ನಿಸಿದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅವಳು ಹುಟ್ಟಿದ್ದು 1940ರ ಆಸುಪಾಸಿನಲ್ಲಿ, ಸಾಗರ ತಾಲ್ಲೂಕಿನ ಶರಾವತಿ ಕಣಿವೆಯ ಒಂದು ಊರಿನಲ್ಲಿ. ಸರಿಯಾದ ವರ್ಷ ಕೇಳಿದರೆ 'ಅಡಕೆಗೆ ಕೊಳೆರೋಗ ಬಂದ ವರ್ಷ' ಎನ್ನುತ್ತಿದ್ದಳು. ಮಲೆನಾಡಿನ ಅಡಕೆ ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗ ಬಾರದ ವರ್ಷವನ್ನು ಹುಡುಕುವುದೇ ಕಷ್ಟವಾದ್ದರಿಂದ, ಮತದಾರರ ಪಟ್ಟಿ ಮಾಡಲು ಬಂದವರು ಆ ಉತ್ತರವನ್ನು ಕೇಳಿ ತಲೆ ಕೆರೆದುಕೊಂಡು ತಮಗೆ ತೋಚಿದ್ದನ್ನು ಬರೆದುಕೊಂಡು ಹೋದರು. ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಸಾಗರದ ಹತ್ತಿರದ ಹಳ್ಳಿಗೆ ಬಂದಳು. ನಾಲ್ಕು ಮಕ್ಕಳು, ಎರಡು ಎಕರೆ ತೋಟ, ಕೊಟ್ಟಿಗೆ ತುಂಬ ದನ. ಆ ಕಾಲದ ನಮ್ಮ ಕಡೆಯ ಹೆಂಗಸರ ಬದುಕು ಹೇಗಿರುತ್ತಿತ್ತೋ ಅವಳದ್ದೂ ಹಾಗೆಯೇ ಇತ್ತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಗಿ ಕಣಿವೆಯಲ್ಲಿ ನೀರು ನಿಂತಾಗ ಅವಳ ತವರೂರು ಮುಳುಗಿತು. ಅಪ್ಪ, ಅಮ್ಮ, ಇಬ್ಬರು ಅಣ್ಣಂದಿರು ಹೆಂಚು, ಬಾಗಿಲು, ಕಂಬಗಳನ್ನು ಬಿಚ್ಚಿಕೊಂಡು, ದನಕರುಗಳೊಂದಿಗೆ ಶಿವಮೊಗ್ಗದ ಆಚೆ ತೋರಿಸಿದ ಕಾಡು ಜಾಗಕ್ಕೆ ಹೋದರು. ಮನೆ ಬಿಚ್ಚುವಾಗ ಹೋಗಿದ್ದ ಅಮ್ಮಮ್ಮನಿಗೆ ಅವಳ ಅಪ್ಪ ಕೊಟ್ಟಿದ್ದು ಒಂದು ಮೆಟ್ಟುಗತ್ತಿ. ಅಡಕೆ ಸುಲಿಯುವಾಗ ಮರದ ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಅದರಲ್ಲಿ ನೆಟ್ಟ ಕತ್ತಿಯ ಬಾಯಿಗೆ ಕಾಯಿಯನ್ನು ಒತ್ತಿ ಸಿಪ್ಪೆ ಬಿಡಿಸುವ ಸಾಧನ ಅದು. 'ಇದು ಎನ್ನ ಆಸ್ತಿ ಪಾಲು' ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಯಾರಾದರೂ ಅದನ್ನು ಕೇಳದೆ ಮುಟ್ಟಿದರೆ ಮಾತ್ರ ತಮಾಷೆ ನಿಂತುಹೋಗುತ್ತಿತ್ತು.

ಪ್ರೌಢಶಾಲೆಯ ಮೂರು ವರ್ಷ ನಾನು ಅವಳ ಮನೆಯಲ್ಲಿಯೇ ಉಳಿದು ಓದಿದೆ. ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ನೀರಿನ ಮಟ್ಟವನ್ನು ದಿನವೂ ಅಚ್ಚುಹಾಕುವುದು ನಿಮಗೆ ಗೊತ್ತಿರಬಹುದು. ನಮ್ಮ ಮನೆಗೆ ಪೇಪರು ಬರುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಅಮ್ಮಮ್ಮ ಕವಳದ ಬಟ್ಟಲನ್ನು ಎಳೆದುಕೊಂಡು ಕುಳಿತು, ಎಲೆಗೆ ಸುಣ್ಣ ಹಚ್ಚುತ್ತಾ, 'ತಮಾ, ಎನ್ನ ತವರುಮನೆ ಸುದ್ದಿ ಓದು' ಎನ್ನುತ್ತಿದ್ದಳು. ನಾನು ಲಿಂಗನಮಕ್ಕಿಯ ಸಾಲನ್ನು ಓದಬೇಕು. 1780 ಅಡಿ ಎಂದರೆ ಅಂಗಳ, 1782 ಎಂದರೆ ಜಗಲಿ, ಅದಕ್ಕಿಂತ ಅರ್ಧ ಅಡಿ ಮೇಲೆ ಅಡಿಗೆಮನೆ, ಆಮೇಲೆ ಅಟ್ಟ ಎಂದು ಅವಳು ಮನಸ್ಸಿನಲ್ಲಿಯೇ ಒಂದು ಅಳತೆಪಟ್ಟಿ ಮಾಡಿಕೊಂಡಿದ್ದಳು. ಅದಕ್ಕೆ ಆಧಾರ ಏನೂ ಇರಲಿಲ್ಲ; ಜಲಾಶಯದ ಗರಿಷ್ಠ ಮಟ್ಟ 1819 ಅಡಿ ಎಂಬುದೊಂದೇ ಅವಳಿಗೂ ನನಗೂ ಖಚಿತವಾಗಿ ಗೊತ್ತಿದ್ದ ಅಂಕಿ. 'ಅಡಿಗೆಮನೆ ಹೋತು ತಮಾ, ಇನ್ನು ಅಟ್ಟ ಒಂದೇ' ಎಂದು ಅವಳು ಎಲೆ ಮಡಚಿ ಬಾಯಿಗಿಟ್ಟುಕೊಂಡರೆ, ಒಲೆಯ ಮುಂದಿದ್ದ ಅತ್ತೆ ಅಲ್ಲಿಂದಲೇ 'ಉಪ್ಪಿನಕಾಯಿ ಭರಣಿ ತೆಗೆದಿಟ್ಟಿದ್ರಾ?' ಎಂದು ಕೂಗಿ ಕೇಳುತ್ತಿದ್ದರು.

ವಿದ್ಯುತ್ತಿನ ವಿಷಯದಲ್ಲಿಯೂ ಹೀಗೆಯೇ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್, ಆದರೆ ನೀರು ಕೊಟ್ಟ ಸೀಮೆಯ ಎಷ್ಟೋ ಹಳ್ಳಿಗಳಿಗೆ ಕರೆಂಟು ಬಂದದ್ದು ಬೆಂಗಳೂರಿಗೆ ಹೋದ ಬಹಳ ಕಾಲದ ಮೇಲೆ. ಬಂದ ಮೇಲಾದರೂ ಮಳೆಗಾಲದಲ್ಲಿ ಅದು ಇರುತ್ತಿದ್ದುದು ಕಡಿಮೆ. ದೀಪ ಹತ್ತಿಕೊಂಡರೆ 'ತವರಿಂದ ಬಂತು' ಎಂದೂ, ಆರಿದರೆ 'ಅತ್ತಿಗೆ ಕಿವಿ ಊದಿರಬೇಕು' ಎಂದೂ ಅಮ್ಮಮ್ಮ ಹೇಳುವುದು ಎಷ್ಟು ರೂಢಿಯಾಗಿತ್ತೆಂದರೆ, ಶಾಲೆಯಲ್ಲಿ ಮೇಷ್ಟರು ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ನಾನು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳಬೇಕಾಯಿತು. ಅಣೆಕಟ್ಟು ತುಂಬಿ ಬಾಗಿಲು ತೆರೆದಾಗ ಜೋಗ ಜಲಪಾತವನ್ನು ನೋಡಲು ಜನ ಸಾಲುಗಟ್ಟಿ ಬರುವುದನ್ನು ಕೇಳಿ, ತನ್ನ ತವರಿನ ಬಚ್ಚಲ ನೀರು ನೋಡಲು ಇಷ್ಟು ದೂರದಿಂದ ಬರುತ್ತಾರಲ್ಲ ಎಂದು ಬೆರಗುಪಡುತ್ತಿದ್ದಳು. ತುಂಬಿದ ಅಣೆಕಟ್ಟಿಗೆ ಮಂತ್ರಿಗಳು ಬಾಗಿನ ಬಿಡುವ ಚಿತ್ರ ಪೇಪರಿನಲ್ಲಿ ಬಂದರಂತೂ ಹಬ್ಬ: ತವರಿನಿಂದ ಮಗಳಿಗೆ ಬಾಗಿನ ಬರುವುದು ಲೋಕದ ಪದ್ಧತಿ, ತನ್ನ ಪಾಲಿಗೆ ಮಾತ್ರ ಸರ್ಕಾರ ತವರುಮನೆಗೇ ಬಾಗಿನ ಕೊಡುತ್ತಿದೆ!

ಬಹಳ ಮಳೆ ಕೊರತೆಯಾದ ಒಂದು ಬೇಸಿಗೆಯಲ್ಲಿ ಹಿನ್ನೀರು ತಳಕ್ಕಿಳಿದು, ಹಳೆಯ ಊರುಗಳ ಬಾವಿಕಟ್ಟೆ, ಗೋಡೆಯ ಬುಡಗಳು ಕಾಣಿಸುತ್ತಿವೆ ಎಂಬ ಸುದ್ದಿ ಬಂತು. ಮಾವ ಜೀಪು ಮಾಡಿಸಿ 'ಆಯಿ, ಹೋಗಿ ನೋಡಿಕೊಂಡು ಬರೋಣ' ಎಂದರು. ಅವಳು ಒಪ್ಪಲಿಲ್ಲ. ಕೊಟ್ಟ ಹೆಣ್ಣು ಕರೆಯದೆ ತವರಿಗೆ ಹೋಗಬಾರದು, ಅಣ್ಣ ಕರೆಯಲು ಬರಲಿ ಎಂದಳು. ನಾವೆಲ್ಲ ನಕ್ಕೆವು. ಇಬ್ಬರು ಅಣ್ಣಂದಿರೂ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು ಎಂಬುದು ನನಗೆ ಹೊಳೆದದ್ದು ಆ ರಾತ್ರಿ ಮಲಗಿದ ಮೇಲೆ. ಗೌರಿ ಹಬ್ಬಕ್ಕೆ ಅಣ್ಣಂದಿರು ಕರೆಯಲು ಬರುವ ಭಾದ್ರಪದದಲ್ಲಿಯೇ ಜಲಾಶಯ ತುಂಬಿ ನಿಂತಿರುತ್ತದೆ ಎಂಬುದು ಹೊಳೆಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ಎಲ್ಲ ಮಾತೂ ತವರಿನದೇ ಆಗಿರಲಿಲ್ಲ. ಚಳಿಗಾಲದ ಅಡಕೆ ಸುಲಿತದ ರಾತ್ರಿಗಳಲ್ಲಿ ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಮಂದಿ ಮೆಟ್ಟುಗತ್ತಿಯ ಮೇಲೆ ಸಾಲಾಗಿ ಕುಳಿತಿರುತ್ತಿದ್ದರು. ಆಚೆ ಒಲೆಯ ಮೇಲೆ ಅಡಕೆ ಬೇಯಿಸುವ ಚೊಗರಿನ ಹಂಡೆ ಕುದಿಯುತ್ತಿತ್ತು. ಸುಲಿದ ಅಡಕೆಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಒಂದು ವರ್ಷ, ಕೈಗೂಸನ್ನು ಅಡಕೆ ಹಾಳೆಯ ಮೇಲೆ ಮಲಗಿಸಿಕೊಂಡು ಸುಲಿಯಲು ಬರುತ್ತಿದ್ದ ಹೆಂಗಸೊಬ್ಬಳ ಡಬ್ಬ ತುಂಬುತ್ತಲೇ ಇರಲಿಲ್ಲ. ಅವಳ ಪಕ್ಕದಲ್ಲಿ ಜಾಗ ಹಿಡಿದ ಅಮ್ಮಮ್ಮ, ಸಾಲಿನವರೆಲ್ಲ ತಲೆಯೆತ್ತಿ ನೋಡಲೇಬೇಕಾದಂಥ ಕಡೆಗೆ ಕಥೆಯನ್ನು ತಂದು, 'ಅಲ್ಲಿ ಮಾಡಿನ ಮೇಲೆ ಎಂತ ಕೂತಿತ್ತು ಗೊತ್ತಿದ್ದಾ?' ಎಂದು ಮಾಡಿನತ್ತ ಒಂದು ಕೈ ಎತ್ತುತ್ತಿದ್ದಳು. ಇನ್ನೊಂದು ಕೈ ತನ್ನ ಬುಟ್ಟಿಯ ಎರಡು ಬೊಗಸೆಯನ್ನು ಆ ಡಬ್ಬಕ್ಕೆ ಜಾರಿಸಿರುತ್ತಿತ್ತು. ಲೆಕ್ಕ ಬರೆಯುತ್ತಿದ್ದ ಅಜ್ಜ ಕನ್ನಡಕದ ಮೇಲಿಂದ ಒಮ್ಮೆ ನೋಡಿ, 'ಈ ವರ್ಷ ನಿನ್ನ ಕೈ ಬಹಳ ನಿಧಾನ ಆತು' ಎಂದಷ್ಟೇ ಹೇಳಿದ.

ಅವಳನ್ನು ದೇವತೆ ಮಾಡಿ ಕೂರಿಸುವ ಉದ್ದೇಶ ನನಗಿಲ್ಲ. ಆ ನಾಲಿಗೆ ಚುಚ್ಚಲೂ ಬಲ್ಲದಾಗಿತ್ತು. ಹೊಸದಾಗಿ ಬಂದ ಅತ್ತೆ ಮಾಡಿದ ಒಂದೆಲಗದ ತಂಬುಳಿಯನ್ನು ನೆಂಟರ ಪಂಕ್ತಿಯಲ್ಲಿಯೇ 'ಗಂಗೋದಕ' ಎಂದು ಕರೆದು, ಆಕೆ ಹಿತ್ತಲಿಗೆ ಹೋಗಿ ಅಳುವಂತೆ ಮಾಡಿದ್ದಳು. ಕ್ಷಮೆ ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಮರುದಿನ ತಾನೇ ತಂಬುಳಿ ಮಾಡಿ, ಬೇಕೆಂದೇ ನೀರು ಸುರಿದು, 'ನಿನ್ನದಕ್ಕಿಂತ ತೆಳ್ಳಗಾತಾ ನೋಡು' ಎಂದು ಬಡಿಸಿದಳು. ಅತ್ತೆ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ, ಮೊದಲ ದಿನದ ಅಳುವನ್ನೂ ಬಿಡದೆ ಹೇಳುತ್ತಾರೆ. ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲವರು ಅವರೇ.

ಅಮ್ಮಮ್ಮ ತೀರಿಕೊಂಡದ್ದು ಒಂದು ಜೂನ್ ತಿಂಗಳ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ಅವಳ ಪಟ್ಟಿಯ ಪ್ರಕಾರ ಆ ದಿನ ಅಂಗಳವೂ ಒಣಗಿತ್ತು. ಮೆಟ್ಟುಗತ್ತಿಯನ್ನು ಅತ್ತೆ ತೊಳೆದು, ಎಣ್ಣೆ ಸವರಿ ಅಟ್ಟದ ಮೇಲಿಟ್ಟಿದ್ದಾರೆ. ಊರಿಗೆ ಈಗ ಸುಲಿಯುವ ಯಂತ್ರ ಬಂದಿದೆ. ಜುಲೈ ತಿಂಗಳಲ್ಲಿ ಬೆಂಗಳೂರಿನ ಕಚೇರಿಯಲ್ಲಿ ಕುಳಿತ ನನಗೆ ಮಾವನ ಫೋನು ಬರುತ್ತದೆ, 'ಜಗಲಿಗೆ ಬಂತು' ಎಂದು. ಆದರೆ ಅವರ ಲೆಕ್ಕದಲ್ಲಿ ಜಗಲಿ ಇರುವುದು 1784ರಲ್ಲಿ, ದಿನವೂ ಓದಿ ಹೇಳಿದ ನನಗೆ ನೆನಪಿರುವುದು 1782. ಆ ಎರಡು ಅಡಿಯ ತಕರಾರು ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.